ಗದ್ದೆಯಿಂದ ಕಾರ್ಖಾನೆಗೆ ಹತ್ತಿರದ ದಾರಿ ಯಾವುದು? ಗೆರೆ ನಕ್ಷೆಯಲ್ಲಿ ಕಂಡುಕೊಳ್ಳುವ ಬಗೆ

ಕಬ್ಬು ಬೆಳೆಯುವುದು ಒಂದು ಕೆಲಸವಾದರೆ, ಕಡಿದ ಕಬ್ಬನ್ನು ಬಾಡುವ ಮೊದಲು ಕಾರ್ಖಾನೆಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಕಡಿದ ಗಳಿಗೆಯಿಂದಲೇ ಕಬ್ಬಿನ ತೇವ ಆರತೊಡಗುತ್ತದೆ, ತೂಕ ಇಳಿಯುತ್ತದೆ. ಅದರ ಜೊತೆಗೆ ರಸದಲ್ಲಿರುವ ಸಕ್ಕರೆಯೂ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಮಾರ್ಪಡುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಆದುದರಿಂದಲೇ ಕಡಿದ ಕಬ್ಬನ್ನು 24 ಗಂಟೆಯೊಳಗೆ ನುರಿಸಬೇಕೆಂದು ಶಿಫಾರಸು ಮಾಡಲಾಗುತ್ತದೆ. ರೈತನಿಗೆ ಹಣ ಸಿಗುವುದು ತೂಕದ ಮೇಲೆ. ತೂಕ ಇಳಿದರೆ ನಷ್ಟ ನೇರವಾಗಿ ಅವನದೇ. ಇದರ ಮೇಲೆ ಟ್ರ್ಯಾಕ್ಟರಿನ ಬಾಡಿಗೆ, ಡೀಸೆಲ್ ಖರ್ಚು ಬೇರೆ.

ಹೀಗಿರುವಾಗ, ಗದ್ದೆಯಿಂದ ಕಾರ್ಖಾನೆಗೆ ಯಾವ ದಾರಿಯಲ್ಲಿ ಹೋದರೆ ಒಳ್ಳೆಯದು ಎಂಬುದು ಸಣ್ಣ ಪ್ರಶ್ನೆಯಲ್ಲ. ರೈತ ಬಾಂಧವರಲ್ಲಿ ಅನೇಕರು ಈಗ ಮೊಬೈಲಿನ ನಕ್ಷೆಯನ್ನು ನೋಡುತ್ತಾರೆ. ಆದರೆ ಅದು ಹೆಚ್ಚಾಗಿ ಕಾರು, ಬೈಕುಗಳಿಗೆ ದಾರಿ ಹೇಳುತ್ತದೆ. ಎರಡು ಟ್ರೇಲರ್ ತುಂಬಿದ ಟ್ರ್ಯಾಕ್ಟರು ಯಾವ ವೇಗದಲ್ಲಿ ಹೋಗುತ್ತದೆಂದಾಗಲೀ, ನಿಮ್ಮೂರಿನ ಬಂಡಿದಾರಿ ಮಳೆ ಬಂದಾಗ ಹೇಗಿರುತ್ತದೆಂದಾಗಲೀ ಅದಕ್ಕೆ ತಿಳಿಯದು. ಅದನ್ನು ತಿಳಿದವರು ನೀವು. ನೀವು ತಿಳಿದುದನ್ನು ನಕ್ಷೆಯಲ್ಲಿ ತುಂಬಿ ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗೆರೆ ನಕ್ಷೆ ಎಂದರೇನು?

ಕಂಪ್ಯೂಟರಿನಲ್ಲಿ ನಕ್ಷೆಗಳು ಎರಡು ಬಗೆ. ಒಂದು, ಉಪಗ್ರಹ ತೆಗೆದ ಚಿತ್ರದಂಥದು. ಇದು ಸಣ್ಣ ಸಣ್ಣ ಬಣ್ಣದ ಚೌಕಗಳಿಂದ ಆದದ್ದು. ಅದರಲ್ಲಿ ರಸ್ತೆ ನಮ್ಮ ಕಣ್ಣಿಗೆ ಕಾಣುತ್ತದೆ, ಕಂಪ್ಯೂಟರಿಗೆ ಅದು ರಸ್ತೆಯೆಂದು ಗೊತ್ತಿರುವುದಿಲ್ಲ. ಇನ್ನೊಂದು ಬಗೆಯಲ್ಲಿ ಪ್ರತಿ ರಸ್ತೆಯನ್ನೂ ಒಂದು ಗೆರೆಯಾಗಿ ಎಳೆದಿರುತ್ತದೆ. ಇದಕ್ಕೆ ವೆಕ್ಟರ್ ನಕ್ಷೆ ಎಂದು ಹೆಸರು. ಇಲ್ಲಿ ಪ್ರತಿ ಗೆರೆಗೂ ಉದ್ದವಿದೆ. ಅದರ ಹೆಸರು, ಅದು ಟಾರು ರಸ್ತೆಯೋ ಮಣ್ಣಿನದೋ, ಅದರಲ್ಲಿ ಗಾಡಿಯ ವೇಗವೆಷ್ಟು ಎಂಬ ವಿವರಗಳನ್ನು ಗೆರೆಯ ಜೊತೆಗೇ ಒಂದು ಪಟ್ಟಿಯಲ್ಲಿ ಬರೆದಿಡಬಹುದು.

ಗೆರೆಗಳು ಒಂದನ್ನೊಂದು ಸೇರುವ ಜಾಗಗಳನ್ನು ಕೂಡುಗಳು ಎನ್ನೋಣ. ಗೆರೆಗಳು ಮತ್ತು ಕೂಡುಗಳು ಸೇರಿ ಒಂದು ಬಲೆಯಾಗುತ್ತದೆ. ಈ ಬಲೆಯ ಮೇಲೆಯೇ ಹತ್ತಿರದ ದಾರಿಯನ್ನು ಲೆಕ್ಕ ಹಾಕುವುದು.

ಲೆಕ್ಕ ಹೇಗೆ ನಡೆಯುತ್ತದೆ?

ನಿಮಗೆ ಪರಿಚಿತವಾದ ನಾಲೆಯ ನೀರನ್ನೇ ನೆನೆಯಿರಿ. ತೂಬು ಎತ್ತಿದೊಡನೆ ನೀರು ಎಲ್ಲ ಕಾಲುವೆಗಳಲ್ಲೂ ಒಂದೇ ವೇಗದಲ್ಲಿ ಹರಿಯಿತೆಂದು ಭಾವಿಸಿ. ಹತ್ತಿರದ ಕವಲಿಗೆ ಅದು ಮೊದಲು ಮುಟ್ಟುತ್ತದೆ, ಅಲ್ಲಿಂದ ಮತ್ತೆ ಕವಲೊಡೆದು ಮುಂದೆ ಹೋಗುತ್ತದೆ. ಕೊನೆಯ ಗದ್ದೆಗೆ ಯಾವ ಕಾಲುವೆಯಿಂದ ನೀರು ಮೊದಲು ಬಂತೋ ಅದೇ ಅತಿ ಹತ್ತಿರದ ಕಾಲುವೆ. ಕಂಪ್ಯೂಟರು ಮಾಡುವುದೂ ಹೆಚ್ಚು ಕಡಿಮೆ ಇದೇ.

ಈ ಲೆಕ್ಕದ ಕ್ರಮವನ್ನು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬವರು 1956ರಲ್ಲಿ ರೂಪಿಸಿದರು. ರೋಟರ್‌ಡ್ಯಾಮಿನಿಂದ ಗ್ರೋನಿಂಗೆನ್ ಪಟ್ಟಣಕ್ಕೆ ಅತಿ ಹತ್ತಿರದ ದಾರಿ ಯಾವುದು ಎಂಬುದು ಅವರ ಮುಂದಿದ್ದ ಪ್ರಶ್ನೆ. ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ಸಿಲುಗಳಿಲ್ಲದೆ, ಸುಮಾರು 20 ನಿಮಿಷದಲ್ಲಿ ಇದನ್ನು ಯೋಚಿಸಿದೆನೆಂದು ಅವರೇ ಮುಂದೆ ಹೇಳಿದ್ದಾರೆ. ತಮ್ಮ ದೇಶದ 64 ಊರುಗಳ ನಕ್ಷೆಯ ಮೇಲೆ ಅದನ್ನು ಅವರು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. 1959ರಲ್ಲಿ ಅದು ಅಚ್ಚಾಯಿತು. ಇಂದು ಹತ್ತಿರದ ದಾರಿ ಹುಡುಕುವ ಅನೇಕ ತಂತ್ರಾಂಶಗಳ ಬುಡದಲ್ಲಿ ಇದೇ ಲೆಕ್ಕವಿದೆ.

ಒಂದು ಉದಾಹರಣೆ

ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ನಿಮ್ಮ ಗದ್ದೆಯಿಂದ ಕಾರ್ಖಾನೆಗೆ ಈ ಕೆಳಗಿನ ಏಳು ರಸ್ತೆಗಳಿವೆಯೆಂದು ಇಟ್ಟುಕೊಳ್ಳಿ. ತುಂಬಿದ ಟ್ರ್ಯಾಕ್ಟರಿಗೆ ಹಿಡಿಯುವ ಕಾಲವನ್ನೂ ಕೊಟ್ಟಿದೆ.

1. ಗದ್ದೆ – ಅರಳಿಕಟ್ಟೆ: ಬಂಡಿದಾರಿ, 2 ಕಿ.ಮೀ., 20 ನಿಮಿಷ
2. ಗದ್ದೆ – ಸೇತುವೆ: ಜಲ್ಲಿ ರಸ್ತೆ, 3 ಕಿ.ಮೀ., 15 ನಿಮಿಷ
3. ಅರಳಿಕಟ್ಟೆ – ಕೆರೆ ಏರಿ: ಬಂಡಿದಾರಿ, 3 ಕಿ.ಮೀ., 30 ನಿಮಿಷ
4. ಸೇತುವೆ – ಕೆರೆ ಏರಿ: ಮಣ್ಣು ರಸ್ತೆ, 3 ಕಿ.ಮೀ., 20 ನಿಮಿಷ
5. ಸೇತುವೆ – ಟಾರು ರಸ್ತೆ ಕೂಡು: 5 ಕಿ.ಮೀ., 20 ನಿಮಿಷ
6. ಕೆರೆ ಏರಿ – ಕಾರ್ಖಾನೆ: ಜಲ್ಲಿ ರಸ್ತೆ, 4 ಕಿ.ಮೀ., 20 ನಿಮಿಷ
7. ಟಾರು ರಸ್ತೆ ಕೂಡು – ಕಾರ್ಖಾನೆ: 3 ಕಿ.ಮೀ., 10 ನಿಮಿಷ

ಮೊದಲು ದೂರದ ಲೆಕ್ಕ. ಗದ್ದೆಯಿಂದ ಅರಳಿಕಟ್ಟೆಗೆ 2, ಸೇತುವೆಗೆ 3. ಇವೆರಡರಲ್ಲಿ ಚಿಕ್ಕದು ಅರಳಿಕಟ್ಟೆ. ಅದನ್ನು ಖಚಿತ ಮಾಡಿ ಅಲ್ಲಿಂದ ಮುಂದೆ ನೋಡಬೇಕು. ಆಗ ಕೆರೆ ಏರಿಗೆ 2 ಮತ್ತು 3 ಸೇರಿ 5. ಉಳಿದವುಗಳಲ್ಲಿ ಈಗ ಚಿಕ್ಕದು ಸೇತುವೆಯ 3. ಅದನ್ನು ಖಚಿತ ಮಾಡಿ. ಸೇತುವೆಯ ಮೂಲಕ ಕೆರೆ ಏರಿಗೆ 6 ಆಗುತ್ತದೆ. ಮೊದಲೇ 5 ಇರುವುದರಿಂದ ಇದನ್ನು ಬಿಡಬೇಕು. ಟಾರು ಕೂಡಿಗೆ 8. ಅನಂತರ ಕೆರೆ ಏರಿ ಖಚಿತ. ಅಲ್ಲಿಂದ ಕಾರ್ಖಾನೆಗೆ 9. ಬಳಿಕ ಟಾರು ಕೂಡು ಖಚಿತ. ಅದರ ಮೂಲಕ ಕಾರ್ಖಾನೆಗೆ 11, ಇದು ಹೆಚ್ಚು. ಆದ್ದರಿಂದ ಅತಿ ಕಡಿಮೆ ದೂರ 9 ಕಿ.ಮೀ. ದಾರಿ: ಗದ್ದೆ, ಅರಳಿಕಟ್ಟೆ, ಕೆರೆ ಏರಿ, ಕಾರ್ಖಾನೆ.

ಪ್ರತಿ ಹೆಜ್ಜೆಯಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಇನ್ನೂ ಖಚಿತವಾಗದ ಕೂಡುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ ಖಚಿತ ಮಾಡುವುದು, ಅಲ್ಲಿಂದ ಮುಂದಿನ ಕೂಡುಗಳ ಲೆಕ್ಕವನ್ನು ತಿದ್ದುವುದು.

ದೂರವೋ, ಕಾಲವೋ?

ಇದೇ ಲೆಕ್ಕವನ್ನು ಈಗ ನಿಮಿಷದಲ್ಲಿ ಮಾಡಿ. ಅರಳಿಕಟ್ಟೆಗೆ 20, ಸೇತುವೆಗೆ 15. ಈ ಸಲ ಸೇತುವೆ ಮೊದಲು ಖಚಿತ. ಅಲ್ಲಿಂದ ಕೆರೆ ಏರಿಗೆ 35, ಟಾರು ಕೂಡಿಗೂ 35. ಅರಳಿಕಟ್ಟೆಯ ಮೂಲಕ ಕೆರೆ ಏರಿಗೆ 50 ಆಗುವುದರಿಂದ ಅದನ್ನು ಬಿಡಬೇಕು. ಕೆರೆ ಏರಿಯಿಂದ ಕಾರ್ಖಾನೆಗೆ 55, ಟಾರು ಕೂಡಿನಿಂದ 45. ಆದುದರಿಂದ ಅತಿ ಕಡಿಮೆ ಕಾಲ 45 ನಿಮಿಷ. ದಾರಿ: ಗದ್ದೆ, ಸೇತುವೆ, ಟಾರು ಕೂಡು, ಕಾರ್ಖಾನೆ. ಇದರ ದೂರ 11 ಕಿ.ಮೀ.

ಮೊದಲ ದಾರಿ 9 ಕಿ.ಮೀ. ಆದರೂ ಅದಕ್ಕೆ 70 ನಿಮಿಷ ಹಿಡಿಯುತ್ತದೆ. ಎರಡು ಕಿಲೋಮೀಟರ್ ಸುತ್ತಿ ಹೋದರೆ 25 ನಿಮಿಷ ಉಳಿಯುತ್ತದೆ. ಎರಡೂ ಉತ್ತರಗಳು ಸರಿಯೇ. ಪ್ರಶ್ನೆ ಬೇರೆ ಬೇರೆ. ಈ ಪಾಠದ ಮುಖ್ಯ ಅಂಶ ಇದು: ಹತ್ತಿರ ಎಂದರೆ ಯಾವುದರಲ್ಲಿ ಹತ್ತಿರ ಎಂಬುದನ್ನು ರೈತನೇ ತೀರ್ಮಾನಿಸಬೇಕು. ಕಂಪ್ಯೂಟರು ಅದನ್ನು ತೀರ್ಮಾನಿಸದು.

ನಾನು ಮೊದಲ ಸಲ ಒಂದು ಊರಿನ ದಾರಿಗಳ ನಕ್ಷೆ ಮಾಡಿ ರೈತರ ಮುಂದೆ ಹಿಡಿದಾಗ ದೂರವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಪರದೆಯ ಮೇಲಿನ ಕೆಂಪು ಗೆರೆಯನ್ನು ನೋಡಿ ಒಬ್ಬ ಹಿರಿಯರು, "ಸ್ವಾಮಿ, ಆ ದಾರೀಲಿ ಬರೀ ಗಾಡಿ ಹೋಗಾದೇ ಕಷ್ಟ, ಕಬ್ಬು ತುಂಬ್ಕಂಡು ಹೋದ್ರೆ ಮುಗೀತು" ಎಂದರು. ಅವರ ಮಾತು ಸರಿಯಾಗಿತ್ತು. ನಾನು ಆ ದಾರಿಯಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅಂದಿನಿಂದ ವೇಗದ ಅಂಕಣವನ್ನು ಟ್ರ್ಯಾಕ್ಟರ್ ನಡೆಸುವವರನ್ನು ಕೇಳಿಯೇ ತುಂಬುತ್ತಿದ್ದೇನೆ.

ನಕ್ಷೆ ಸಿದ್ಧಪಡಿಸುವ ಕ್ರಮ

ಇದಕ್ಕೆ ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರಿಂದಲೂ, ಇಲ್ಲವೇ ನಿಮ್ಮ ರೈತ ಉತ್ಪಾದಕರ ಸಂಸ್ಥೆಯ ಕಚೇರಿಯಲ್ಲೂ ಈ ಕೆಲಸ ಮಾಡಿಸಬಹುದು. ಕ್ಯೂಜಿಐಎಸ್ ಎಂಬ ತಂತ್ರಾಂಶ ಇದಕ್ಕೆ ಅನುಕೂಲ. 2002ರಲ್ಲಿ ಆರಂಭವಾದ ಇದು ಉಚಿತವಾಗಿ ದೊರೆಯುತ್ತದೆ.

1. ರಸ್ತೆಗಳ ಗೆರೆ ನಕ್ಷೆಯನ್ನು 2004ರಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್‌ನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ದೊಡ್ಡ ರಸ್ತೆಗಳು ಅದರಲ್ಲಿರುತ್ತವೆ. ಹೊಲದ ದಾರಿಗಳು ಎಷ್ಟೋ ಕಡೆ ಇರುವುದಿಲ್ಲ.

2. ಇಲ್ಲದ ದಾರಿಗಳನ್ನು ನೀವೇ ಸೇರಿಸಬೇಕು. ಮೊಬೈಲಿನಲ್ಲಿ ಜಿಪಿಎಸ್ ಜಾಡು ದಾಖಲಿಸುವ ಆ್ಯಪ್ ಹಾಕಿಕೊಂಡು ಬೈಕಿನಲ್ಲಿ ಆ ದಾರಿಗುಂಟ ಒಮ್ಮೆ ಹೋಗಿ ಬಂದರೆ ಗೆರೆ ಸಿದ್ಧವಾಗುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುತ್ತಾರೆ. ಅದರೊಂದಿಗೆ ಹೋಲಿಸಿ ನೋಡುವುದು ಉತ್ತಮ. ನಕ್ಷೆಯಲ್ಲಿದ್ದು ಈಗ ಒತ್ತುವರಿಯಾದ ದಾರಿಯನ್ನು ಬಲೆಗೆ ಸೇರಿಸಬಾರದು.

3. ನಕ್ಷೆಯನ್ನು ಮೀಟರ್ ಅಳತೆಗೆ ತರಬೇಕು. ಅಕ್ಷಾಂಶ ರೇಖಾಂಶಗಳಲ್ಲಿರುವ ನಕ್ಷೆಯನ್ನು ಯುಟಿಎಂ ವಲಯ 43 ಉತ್ತರ ಎಂಬ ಅಳತೆಗೆ ಬದಲಿಸಿಕೊಂಡರೆ ಮಂಡ್ಯ, ಮೈಸೂರು, ಬೆಳಗಾವಿ ಮೊದಲಾದ ಕಬ್ಬಿನ ಜಿಲ್ಲೆಗಳಿಗೆ ಸರಿಹೋಗುತ್ತದೆ.

4. ಗೆರೆಗಳ ಪಟ್ಟಿಯಲ್ಲಿ ವೇಗ ಎಂಬ ಅಂಕಣ ಮಾಡಿ, ತುಂಬಿದ ಟ್ರ್ಯಾಕ್ಟರಿನ ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಬರೆಯಬೇಕು. ಉದ್ದವನ್ನು ಹಿಡಿದ ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಮೇಲಿನ ಉದಾಹರಣೆಯ ಬಂಡಿದಾರಿ 2 ಕಿ.ಮೀ.ಗೆ 20 ನಿಮಿಷ, ಅಂದರೆ ಗಂಟೆಗೆ 6 ಕಿ.ಮೀ. ರೈಲ್ವೆ ಗೇಟಿನಲ್ಲಿ ಕಾಯುವ ಕಾಲವಿದ್ದರೆ ಅದನ್ನೂ ಸೇರಿಸಿಯೇ ವೇಗ ತೆಗೆಯಬೇಕು. ಮಳೆಗಾಲಕ್ಕೆ ಬೇರೆಯೇ ಒಂದು ಅಂಕಣವಿರಲಿ.

ತಂತ್ರಾಂಶದಲ್ಲಿ ಮಾಡಬೇಕಾದುದು

ಪ್ರೊಸೆಸಿಂಗ್ ಟೂಲ್‌ಬಾಕ್ಸ್ ತೆರೆದು, ಅದರಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಎಂಬ ಗುಂಪಿನಲ್ಲಿ ಶಾರ್ಟೆಸ್ಟ್ ಪಾತ್, ಪಾಯಿಂಟ್ ಟು ಪಾಯಿಂಟ್ ಎಂಬುದನ್ನು ಆರಿಸಬೇಕು. ನಿಮ್ಮ ರಸ್ತೆಗಳ ನಕ್ಷೆಯನ್ನು ಸೂಚಿಸಿ, ಹೊರಡುವ ಜಾಗ ಮತ್ತು ಸೇರುವ ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಬೇಕು. ದೂರ ಕಡಿಮೆ ಬೇಕಾದರೆ ಶಾರ್ಟೆಸ್ಟ್, ಕಾಲ ಕಡಿಮೆ ಬೇಕಾದರೆ ಫಾಸ್ಟೆಸ್ಟ್ ಎಂದು ಆರಿಸಬೇಕು. ಫಾಸ್ಟೆಸ್ಟ್ ಆರಿಸಿದಾಗ ಸ್ಪೀಡ್ ಫೀಲ್ಡ್ ಎಂಬಲ್ಲಿ ನಿಮ್ಮ ವೇಗದ ಅಂಕಣವನ್ನು ತೋರಿಸುವುದನ್ನು ಮರೆಯಬಾರದು. ಮರೆತರೆ ತಂತ್ರಾಂಶವು ಎಲ್ಲ ದಾರಿಗಳಿಗೂ ಗಂಟೆಗೆ 50 ಕಿ.ಮೀ. ಎಂದು ತಿಳಿದು ಲೆಕ್ಕ ಹಾಕುತ್ತದೆ. ಬಂಡಿದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು 50ರ ವೇಗದಲ್ಲಿ ಓಡಿದಂತಾಗುತ್ತದೆ!

ಉತ್ತರವು ಒಂದು ಹೊಸ ಗೆರೆಯಾಗಿ ಬರುತ್ತದೆ. ಅದರ ಪಟ್ಟಿಯಲ್ಲಿ ಕಾಸ್ಟ್ ಎಂದು ಒಂದು ಅಂಕಿಯಿರುತ್ತದೆ. ದೂರದ ಲೆಕ್ಕದಲ್ಲಿ ಅದು ಮೀಟರ್, ಕಾಲದ ಲೆಕ್ಕದಲ್ಲಿ ಗಂಟೆ. 0.75 ಎಂದು ಬಂದರೆ 45 ನಿಮಿಷ ಎಂದು ತಿಳಿಯಬೇಕು. ಅದು ರೂಪಾಯಿಯ ಲೆಕ್ಕವಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕೂಡು ಕೂಡದಿರುವುದು: ಎರಡು ಗೆರೆಗಳು ಕಣ್ಣಿಗೆ ಸೇರಿದಂತೆ ಕಂಡರೂ ನಡುವೆ ಒಂದು ಮೀಟರ್ ಬಿರುಕಿದ್ದರೆ ಲೆಕ್ಕದಲ್ಲಿ ದಾರಿ ಅಲ್ಲಿಗೆ ನಿಲ್ಲುತ್ತದೆ, ಅಥವಾ ಊರು ಸುತ್ತಿ ಹೋಗುತ್ತದೆ. ಮೊಬೈಲಿನ ಜಿಪಿಎಸ್ ಬಯಲಿನಲ್ಲಿಯೂ ಸುಮಾರು 5 ಮೀಟರ್ ಆಚೀಚೆ ತೋರಿಸುವುದರಿಂದ ಇಂಥ ಬಿರುಕುಗಳು ಸಹಜ. ಗೆರೆ ಎಳೆಯುವಾಗ ಸ್ನ್ಯಾಪಿಂಗ್ ಎಂಬ ಸೌಕರ್ಯವನ್ನು ಉಪಯೋಗಿಸಿ ತುದಿಗೆ ತುದಿ ಸೇರಿಸಬೇಕು. ಟೊಪಾಲಜಿ ಟಾಲರೆನ್ಸ್ ಎಂಬಲ್ಲಿ ಒಂದೆರಡು ಮೀಟರ್ ಕೊಟ್ಟರೆ ಅಷ್ಟು ಹತ್ತಿರದ ತುದಿಗಳನ್ನು ತಂತ್ರಾಂಶವೇ ಸೇರಿಸಿಕೊಳ್ಳುತ್ತದೆ. ಹೆಚ್ಚು ಕೊಟ್ಟರೆ ನಾಲೆಯ ಈ ದಡದ ದಾರಿ ಆ ದಡದ ದಾರಿಗೆ ಸೇರಿಬಿಡುತ್ತದೆ, ಎಚ್ಚರಿಕೆ.

ಕೂಡಬಾರದ ಕಡೆ ಕೂಡುವುದು: ಒಂದು ಗೆರೆ ಇನ್ನೊಂದನ್ನು ದಾಟಿದ ಮಾತ್ರಕ್ಕೆ ಅಲ್ಲಿ ತಿರುವು ಇದೆಯೆಂದಲ್ಲ. ಮೇಲು ಸೇತುವೆಯ ಕೆಳಗೆ ಹಾದುಹೋಗುವ ಊರ ರಸ್ತೆಯಿಂದ ಮೇಲಿನ ಹೆದ್ದಾರಿಗೆ ಟ್ರ್ಯಾಕ್ಟರು ಹತ್ತಲಾರದು. ದಾಟುವ ಗೆರೆಗಳನ್ನೆಲ್ಲ ಒಂದೇ ಸಲ ಕತ್ತರಿಸಿ ಕೂಡು ಮಾಡುವ ಸೌಕರ್ಯ ತಂತ್ರಾಂಶದಲ್ಲಿದೆ. ಅದನ್ನು ಬಳಸಿದ ಮೇಲೆ ಸೇತುವೆಗಳನ್ನು ಒಂದೊಂದಾಗಿ ನೋಡಿ ತಿದ್ದಬೇಕು.

ಹೋಗಬಾರದ ದಾರಿಯನ್ನು ಬಿಟ್ಟಿರುವುದು: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರುಗಳಿಗೆ ಪ್ರವೇಶವನ್ನು ನಿಷೇಧಿಸಲಾಯಿತು. ಟ್ರ್ಯಾಕ್ಟರು ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹೋಗಬೇಕು. ಆದ್ದರಿಂದ ಮಂಡ್ಯ ಜಿಲ್ಲೆಯವರು ತಮ್ಮ ಬಲೆಯಿಂದ ಮುಖ್ಯ ಪಥದ ಗೆರೆಗಳನ್ನು ತೆಗೆದು, ಸರ್ವೀಸ್ ರಸ್ತೆಯನ್ನು ಉಳಿಸಿಕೊಳ್ಳಬೇಕು.

ಅಪಾಯದ ದಾರಿ: ನಾಲೆಯ ಏರಿಯ ಮೇಲಿನ ರಸ್ತೆ ನಕ್ಷೆಯಲ್ಲಿ ನೇರವಾಗಿ, ಹತ್ತಿರವಾಗಿ ಕಾಣುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ಪ್ರಾಣ ಕಳೆದುಕೊಂಡುದನ್ನು ಆ ಕಡೆಯವರು ಮರೆತಿಲ್ಲ. ತಡೆಗೋಡೆ ಇದೆಯೇ ಇಲ್ಲವೇ ಎಂಬುದು ಲೆಕ್ಕಕ್ಕೆ ತಿಳಿಯದು. ರಾತ್ರಿ ಹೊತ್ತು, ಎರಡು ಟ್ರೇಲರ್ ಕಟ್ಟಿಕೊಂಡು ಹೋಗಲು ಯೋಗ್ಯವಲ್ಲದ ಏರಿ ರಸ್ತೆಗಳನ್ನು ಬಲೆಯಿಂದಲೇ ತೆಗೆದುಬಿಡುವುದು ಕ್ಷೇಮ. ಹತ್ತು ನಿಮಿಷ ಉಳಿಸಲು ಜೀವವನ್ನು ಪಣಕ್ಕೆ ಇಡಬಾರದು.

ಹೊರಡುವ ಜಾಗ ತಪ್ಪುವುದು: ನೀವು ಗುರುತಿಸಿದ ಜಾಗದಿಂದ ಅತಿ ಸಮೀಪದ ಗೆರೆಗೆ ತಂತ್ರಾಂಶ ತಾನೇ ಸೇರಿಕೊಳ್ಳುತ್ತದೆ. ಆ ಗೆರೆ ನಾಲೆಯ ಆಚೆ ದಡದಲ್ಲಿದ್ದರೂ ಅದಕ್ಕೆ ವ್ಯತ್ಯಾಸವಿಲ್ಲ. ಗದ್ದೆಯಿಂದ ಗಾಡಿ ನಿಜವಾಗಿ ರಸ್ತೆಗೆ ಹತ್ತುವ ಜಾಗವನ್ನೇ ಗುರುತಿಸಬೇಕು.

ಯಾವ ರಸ್ತೆಯ ರಿಪೇರಿ ಮೊದಲು?

ಈ ಲೆಕ್ಕದ ಇನ್ನೊಂದು ಉಪಯೋಗವನ್ನು ರೈತರು ವಿಶೇಷವಾಗಿ ಗಮನಿಸಬೇಕು. ಊರಿನ ಯಾವ ರಸ್ತೆಗೆ ಮೊದಲು ಜಲ್ಲಿ ಹಾಕಿಸಬೇಕೆಂಬ ಚರ್ಚೆ ಗ್ರಾಮ ಸಭೆಯಲ್ಲಿ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ, ಹಾಳಾದ ಬಂಡಿದಾರಿಯನ್ನೇ ಸರಿಪಡಿಸೋಣ ಎಂದು ಎಲ್ಲರಿಗೂ ತೋಚುವುದು ಸಹಜ. ಗದ್ದೆಯಿಂದ ಅರಳಿಕಟ್ಟೆಯ ಮೂಲಕ ಕೆರೆ ಏರಿಯವರೆಗಿನ 5 ಕಿ.ಮೀ.ಗೆ ಜಲ್ಲಿ ಹಾಕಿಸಿ ವೇಗ ಗಂಟೆಗೆ 12 ಕಿ.ಮೀ. ಆಯಿತೆನ್ನಿ. ಆಗ ಆ ದಾರಿಗೆ 10, 15 ಮತ್ತು 20 ಸೇರಿ 45 ನಿಮಿಷ. ಸುತ್ತು ದಾರಿಯಲ್ಲಿ ಈಗಲೂ 45 ನಿಮಿಷವೇ ಇದೆ! ದೂರ 2 ಕಿ.ಮೀ. ಉಳಿಯುತ್ತದೆ, ಕಾಲ ಒಂದು ನಿಮಿಷವೂ ಉಳಿಯುವುದಿಲ್ಲ.

ಅದರ ಬದಲು ಗದ್ದೆಯಿಂದ ಸೇತುವೆಯವರೆಗಿನ 3 ಕಿ.ಮೀ.ಗೆ ಟಾರು ಹಾಕಿಸಿ ವೇಗ 18 ಆದರೆ, ಅಲ್ಲಿ 15 ನಿಮಿಷದ ಬದಲು 10 ನಿಮಿಷ ಸಾಕು. ಒಟ್ಟು 40 ನಿಮಿಷ. ಕಡಿಮೆ ಉದ್ದದ ಕೆಲಸದಿಂದ ಹೆಚ್ಚು ಕಾಲ ಉಳಿಯಿತು. ಇದು ಒಂದು ಗದ್ದೆಯ ಲೆಕ್ಕ ಮಾತ್ರ. ಊರಿನ ಎಲ್ಲ ಗದ್ದೆಗಳಿಂದಲೂ ಲೆಕ್ಕ ಹಾಕಿ ಕೂಡಿದರೆ, ಯಾವ ತುಂಡು ರಸ್ತೆ ಹೆಚ್ಚು ಜನರಿಗೆ ನೆರವಾಗುತ್ತದೆಂಬುದು ಅಂಕಿಯಲ್ಲಿ ಕಾಣುತ್ತದೆ. ಕಾಸ್ಟ್ ಅಂಕಿಗಳ ಪಟ್ಟಿಯನ್ನು ಹಿಡಿದು ಗ್ರಾಮ ಸಭೆಗೆ ಹೋದವರ ಮಾತಿಗೆ ತೂಕವಿರುತ್ತದೆ.

ಕೊನೆಯ ಮಾತು

ಹತ್ತಿರದ ದಾರಿಯಿಂದ ಎಲ್ಲ ನಷ್ಟವೂ ತಪ್ಪುತ್ತದೆಂದು ತಿಳಿಯಬಾರದು. ಕಾರ್ಖಾನೆಯ ಅಂಗಳದಲ್ಲಿ ಸಾಲು ನಿಂತು ಕಾಯುವ ಕಾಲ ಅನೇಕ ವೇಳೆ ದಾರಿಯ ಕಾಲಕ್ಕಿಂತ ಹೆಚ್ಚಾಗಿರುತ್ತದೆ. ಕಟಾವು ಪರವಾನಗಿ ಬಂದ ಮೇಲೆಯೇ ಕಡಿಯುವುದು, ಒಂದು ದಿನ ಸಾಗಿಸಲಾಗುವಷ್ಟನ್ನೇ ಕಡಿಯುವುದು, ಕಡಿದುದನ್ನು ತರಗಿನಿಂದ ಮುಚ್ಚಿ ನೆರಳಿನಲ್ಲಿಡುವುದು ಇವುಗಳ ಜೊತೆಗೆ ಸರಿಯಾದ ದಾರಿಯೂ ಸೇರಿದರೆ ಮಾತ್ರ ಪೂರ್ಣ ಫಲ ದೊರೆಯುತ್ತದೆ. ಹಾಲು, ಟೊಮ್ಯಾಟೊ, ಹೂವು, ರೇಷ್ಮೆಗೂಡು ಸಾಗಿಸುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಈ ಸಲದ ಕಟಾವಿಗೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಗದ್ದೆಯಿಂದ ಕಾರ್ಖಾನೆಗೆ ಇರುವ ದಾರಿಗಳನ್ನು ಒಂದು ಹಾಳೆಯಲ್ಲಿ ಗೆರೆಯಾಗಿ ಬರೆದು, ಪ್ರತಿ ತುಂಡಿಗೂ ದೂರ ಮತ್ತು ನಿಮಿಷಗಳನ್ನು ನಮೂದಿಸಿ. ಏಳೆಂಟು ಗೆರೆಗಳಿದ್ದರೆ ಕಂಪ್ಯೂಟರೂ ಬೇಡ, ಮೇಲೆ ಹೇಳಿದ ಕ್ರಮದಲ್ಲಿ ಕೈಯಲ್ಲೇ ಲೆಕ್ಕ ಮಾಡಬಹುದು. ಊರಿಗೆಲ್ಲ ಲೆಕ್ಕ ಮಾಡಬೇಕಾದಾಗ ಆ ಹಾಳೆಯನ್ನೇ ತೆಗೆದುಕೊಂಡು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಬನ್ನಿ.